ಕಿಟಕಿ ಪಕ್ಕದ ಕುರ್ಚಿ

ನನ್ನ ನಾದಿನಿಯ ಬಾಯಲ್ಲಿ ಯಾರ ಬಗ್ಗೆಯೂ ಒಂದು ಕೆಟ್ಟ ಮಾತು ಬಂದದ್ದನ್ನು ನಾನು ಕೇಳಿಲ್ಲ, ನನ್ನೊಬ್ಬಳನ್ನು ಬಿಟ್ಟರೆ. ಅದು ಅತ್ತಿಗೆ ನಾದಿನಿಯರ ವ್ಯವಹಾರ, ಬಿಡಿ. ಉಳಿದಂತೆ ಅವಳಿಗೆ ಜಗತ್ತಿನಲ್ಲಿ ಎಲ್ಲರೂ ಒಂದೇ. ಸಭೆಗಳಿಗೆ ಹೋಗುತ್ತಾಳೆ, ಮೆರವಣಿಗೆಯಲ್ಲಿ ಬೋರ್ಡು ಹಿಡಿಯುತ್ತಾಳೆ. ನಮ್ಮ ಪಾರ್ಲರಿನ ಬಾಗಿಲಿಗೂ ಒಂದು ಬೋರ್ಡು ಹಾಕಿದ್ದಾಳೆ: 'ಇಲ್ಲಿ ಮೇಲು ಕೀಳಿಲ್ಲ, ಎಲ್ಲರಿಗೂ ಸ್ವಾಗತ.' ಒಳಗೆ ಎ.ಸಿ. ಇರುವುದರಿಂದ ಅದರ ಕೆಳಗೇ 'ಬಾಗಿಲು ಬೇಗ ಮುಚ್ಚಿ' ಎಂದೂ ಇದೆ.

ಪಾರ್ಲರು ನಮ್ಮ ಅತ್ತೆ ಕಟ್ಟಿದ್ದು. ಅವರು ತೀರಿಕೊಂಡ ಮೇಲೆ ಮಗಳು ಯಜಮಾನಿಯಾದಳು, ಸೊಸೆಯಾದ ನನಗೆ ಮೊದಲ ಕುರ್ಚಿ ಬಂತು. ನಾದಿನಿ ಅತ್ತಿಗೆ ಎನ್ನುವುದನ್ನು ಕೇಳಿ ಕೇಳಿ ಕೆಲಸದವರಿಗೂ ಗಿರಾಕಿಗಳಿಗೂ ನಾನು ಅತ್ತಿಗೆಯೇ. ಅತ್ತೆಯದೊಂದು ನೇಮವಿತ್ತು. ಹೊಸದಾಗಿ ಬಂದವರು ಮೊದಲು ನೆಲ ಗುಡಿಸಬೇಕು, ಸಿಂಕಿನ ಹತ್ತಿರ ನಿಂತು ಗಿರಾಕಿಗಳ ತಲೆ ತೊಳೆಯಬೇಕು. ಆಮೇಲೆ ಅಂಗಡಿಯವರ ಕೂದಲನ್ನೇ ಕತ್ತರಿಸಿ ತೋರಿಸಬೇಕು. ಅಲ್ಲಿಗೆ ಅವರಿಗೊಂದು ಕುರ್ಚಿ. "ನಮ್ಮ ತಲೆ ಕೊಡದೆ ಗಿರಾಕಿ ತಲೆ ಕೊಡಬಾರದು" ಅನ್ನುತ್ತಿದ್ದರು. ನನ್ನ ಕತ್ತರಿಗೆ ಮೊದಲು ಸಿಕ್ಕಿದ್ದು ಅವರ ತಲೆಯೇ. ಪುಣ್ಯಾತ್ಗಿತ್ತಿ, ಒಂದು ತಿಂಗಳು ಸ್ಕಾರ್ಫ್ ಕಟ್ಟಿಕೊಂಡು ಓಡಾಡಿದರು, ಒಂದು ಮಾತೂ ಆಡಲಿಲ್ಲ.

ಕಿಟಕಿ ಪಕ್ಕದ ಕುರ್ಚಿಯವಳು ಕೆಲಸ ಬಿಟ್ಟಾಗ ನಾದಿನಿ ಹೊಸಬಳನ್ನು ಕರೆತಂದಳು. ಕಪ್ಪು ಮೈಬಣ್ಣ, ಒತ್ತಾದ ಗುಂಗುರು ಕೂದಲು. ಅವಳ ಅಜ್ಜ ಅಜ್ಜಿ ಕಡಲಾಚೆಯಿಂದ ಬಂದ ಬೇರೆ ಜನಾಂಗದವರು. ಅವಳು ಹುಟ್ಟಿ ಬೆಳೆದದ್ದು ನಮ್ಮ ಹಿಂದಿನ ಬೀದಿಯಲ್ಲಿ. ಕತ್ತರಿ ಕೆಲಸದ ತರಬೇತಿ ಮುಗಿಸಿದ್ದಳು. ನಾದಿನಿ ಹೊಸ ಫ್ರಿಜ್ಜು ತಂದವರ ಹಾಗೆ ಅವಳನ್ನು ಬಂದಬಂದವರಿಗೆಲ್ಲ ತೋರಿಸಿದಳು. ಬಂದವರೂ ಮೆಚ್ಚಿಕೊಂಡರು.

"ನಿನ್ನ ಭಾಷೆ ಎಷ್ಟು ಚೆನ್ನಾಗಿದೆಯಮ್ಮಾ! ಯಾವೂರು?" ಎಂದು ಕೇಳುತ್ತಿದ್ದರು.

"ಹಿಂದಿನ ಬೀದಿ."

"ಅದಲ್ಲಮ್ಮ, ನಿಜವಾದ ಊರು?"

"ಹಿಂದಿನ ಬೀದಿಯಲ್ಲಿ ಎಡಕ್ಕೆ ತಿರುಗಿದ್ರೆ ಮೊದಲನೇ ಮನೆ" ಎನ್ನುತ್ತಿದ್ದಳು. ನಾನು ನೀರು ಸಿಂಪಡಿಸುವ ಬಾಟಲಿಯ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದೆ.

ಅವಳು ಬಂದು ವರ್ಷದ ಮೇಲಾಯಿತು. ಆಮೇಲೆ ನಾದಿನಿಯ ಗೆಳತಿಯ ಮಗಳೂ ಕೆಲಸಕ್ಕೆ ಸೇರಿದಳು. ಆದರೂ ಹೊಸಬಳು ಅಂದರೆ ಇವಳೇ. ಇವಳು ಇನ್ನೂ ಸಿಂಕಿನ ಹತ್ತಿರವೇ ಇದ್ದಳು. ಶಾಂಪೂ ನೀರಿನಲ್ಲಿ ನೆನೆದು ನೆನೆದು ಬೆರಳ ಸಂದಿಗಳು ಬಿರಿದಿದ್ದವು. ಕೈ ಉಳಿಯಬೇಕಾದರೆ ನೀರಿನ ಕೆಲಸ ಬಿಡು ಎಂದು ಡಾಕ್ಟರು ಹೇಳಿದ್ದರು. "ಕುರ್ಚಿ ಸಿಕ್ಕಿದ್ರೆ ಎಲ್ಲ ಸರಿಹೋಗುತ್ತೆ ಅತ್ತಿಗೆ" ಎಂದು ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಆ ಬೆರಳು ನೋಡಿ ನನಗೆ ಮರುಕವಾಗುತ್ತಿತ್ತು.

ಹಾಗಂತ ಅವಳಿಗೆ ಅವಕಾಶವೇ ಇರಲಿಲ್ಲ ಅನ್ನುವಂತಿಲ್ಲ. ಜನ ಹೆಚ್ಚಾದ ದಿನ ನಾದಿನಿಯೇ ಅವಳನ್ನು ಕಿಟಕಿಯ ಹತ್ತಿರ ನಿಲ್ಲಿಸುತ್ತಿದ್ದಳು. ಕಾಲೇಜಿನಲ್ಲಿ ಪಾಠ ಮಾಡುವ ಮೇಡಂ ಒಬ್ಬರಿದ್ದಾರೆ, ನಾದಿನಿಯ ಜೊತೆ ಮೆರವಣಿಗೆಗೆ ಹೋಗುವವರು. ಒಂದು ದಿನ "ಹತ್ತೇ ನಿಮಿಷ ಇರೋದು, ಬೇಗ ಬೇಗ" ಅನ್ನುತ್ತಲೇ ಒಳಗೆ ಬಂದರು. ನನ್ನ ಕುರ್ಚಿಯೂ ನಾದಿನಿಯ ಕುರ್ಚಿಯೂ ತುಂಬಿದ್ದವು. ಹೊಸಬಳು ಅವರ ತಲೆ ತೊಳೆದಳು. ಮೇಡಂ ಕಣ್ಣು ಮುಚ್ಚಿ, "ಆಹಾ, ಕೈ ಅಂದ್ರೆ ಇದು" ಎಂದರು. ತೊಳೆದಾದ ಮೇಲೆ ಅವಳು ಕಿಟಕಿಯ ಕುರ್ಚಿ ತಿರುಗಿಸಿ, "ಬನ್ನಿ ಮೇಡಂ, ನಾನೇ ಕತ್ತರಿಸ್ತೀನಿ" ಎಂದಳು.

"ಪರವಾಗಿಲ್ಲಮ್ಮ, ಕಾಯ್ತೀನಿ. ನನಗೇನು ಅವಸರ?"

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಪತ್ರಿಕೆ ಓದುತ್ತಾ ಕೂತರು. ಹತ್ತು ನಿಮಿಷ ಎಲ್ಲಿ ಹೋಯಿತೋ ದೇವರೇ ಬಲ್ಲ, ಕೂದಲೇ ಒಣಗಿಹೋಯಿತು. ಕೊನೆಗೆ ನನ್ನ ಕುರ್ಚಿಗೆ ಬಂದು, "ತಪ್ಪು ತಿಳ್ಕೋಬೇಡಿ ಅತ್ತಿಗೆ. ಅವಳ ಕೆಲಸ ಚೆನ್ನಾಗಿಲ್ಲ ಅಂತಲ್ಲ. ನಮ್ಮಂಥ ಕೂದಲು ಅವಳಿಗೆ ಅಭ್ಯಾಸ ಇರಲ್ಲ ಅಲ್ವಾ, ಪಾಪ" ಎಂದು ಪಿಸುಗುಟ್ಟಿದರು. ವರ್ಷವಿಡೀ ಅವಳು ತೊಳೆದದ್ದು ಇನ್ಯಾರ ಕೂದಲೋ! ನಾನು ಹಲ್ಲು ಕಚ್ಚಿಕೊಂಡು ಕತ್ತರಿ ಆಡಿಸಿದೆ. ಅವರ ಹಾಗೆಯೇ ಉಳಿದವರೂ. ಒಬ್ಬರೂ ಬೇಡ ಅನ್ನಲಿಲ್ಲ, ಎಲ್ಲರೂ ಕಾದರು.

ಕಳೆದ ವಾರ ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ನಾದಿನಿ ಕಿಟಕಿಯ ಕುರ್ಚಿಯ ವಿಷಯ ತೆಗೆದಳು. ಗೆಳತಿಯ ಮಗಳು ಊಟಕ್ಕೆ ಹೋಗಿದ್ದಳು.

"ನೋಡಮ್ಮ," ಎಂದು ಹೊಸಬಳ ಭುಜದ ಮೇಲೆ ಕೈಯಿಟ್ಟಳು. "ನೀನು ನಮ್ಮನೆ ಹುಡುಗಿ ಇದ್ದ ಹಾಗೆ. ನನಗಂತೂ ಯಾವ ಭೇದಾನೂ ಇಲ್ಲ, ನಿನಗೇ ಗೊತ್ತು. ಆದ್ರೆ ಗಿರಾಕಿಗಳು ಇನ್ನೂ ಅಷ್ಟು ಮುಂದುವರಿದಿಲ್ಲ. ಕುರ್ಚಿ ಸದ್ಯಕ್ಕೆ ನನ್ನ ಗೆಳತಿ ಮಗಳಿಗೆ ಕೊಡ್ತೀನಿ. ನಿನ್ನ ಮನಸ್ಸಿಗೆ ನೋವಾಗೋದು ಬೇಡ ಅಂತಾನೇ."

ಹೊಸಬಳು ಟವೆಲ್ ಮಡಚುವುದನ್ನು ನಿಲ್ಲಿಸಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ತಡೆಯಲಾಗಲಿಲ್ಲ.

"ಗಿರಾಕಿಗಳ ಮಾತು ಆಮೇಲೆ. ನಿಮ್ಮಮ್ಮನ ನೇಮ ಏನಾಯ್ತು? ಗೆಳತಿ ಮಗಳು ಬಂದ ಹೊಸದರಲ್ಲೇ ನೀನು ತಲೆ ಕೊಟ್ಟು ಕೂತೆ. ಇವಳಿಗೆ ಯಾವತ್ತು ಕೊಟ್ಟೆ?"

"ಅಯ್ಯೋ ಅತ್ತಿಗೆ, ಇವಳನ್ನ ಪರೀಕ್ಷೆ ಮಾಡೋದು ಅವಮಾನ ಅಂತ ನಾನೇ ಆ ನೇಮ ಬಿಟ್ಟೆ. ಇವಳ ಜನಕ್ಕೆ ಎಲ್ಲಿ ಹೋದ್ರೂ ಪರೀಕ್ಷೆನೇ ಅಲ್ವಾ?"

"ಸರಿ, ಪರೀಕ್ಷೆ ಬೇಡ. ಸುಮ್ನೆ ಕೂತ್ಕೋ. ನಿನ್ನ ಮುಂಗೂದಲು ಕಣ್ಣಿಗೆ ಬೀಳ್ತಿದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾದಿನಿ ಮುಂಗೂದಲು ಮುಟ್ಟಿಕೊಂಡಳು. "ಇವತ್ತಾ? ಇವತ್ತು ಹೇಗಾಗುತ್ತೆ? ನಾಳೆ ಸಭೆಯಲ್ಲಿ ನಾನು ಮಾತಾಡ್ಬೇಕು."

"ಯಾವುದರ ಬಗ್ಗೆ?"

"ಸಮಾನತೆ," ಎಂದಳು, ಸಣ್ಣ ದನಿಯಲ್ಲಿ.

ನಾನು ಗಹಗಹಿಸಿ ನಕ್ಕೆ. ನಾದಿನಿಯನ್ನು ಇಷ್ಟು ಚೆನ್ನಾಗಿ ಹಿಡಿದುಹಾಕಿ ಎಷ್ಟೋ ವರ್ಷವಾಗಿತ್ತು. ಸಮರ್ಥನೆಗೆಂದು ಹೊಸಬಳ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ.

"ನಿಮ್ಮ ಕೂದಲು ಯಾರು ಕತ್ತರಿಸ್ತಾರೆ ಅತ್ತಿಗೆ?" ಎಂದು ಕೇಳಿದಳು.

"ನನ್ನದಾ? ಇವಳೇ ಕತ್ತರಿಸ್ತಾಳೆ. ನಂದು ತೆಳ್ಳಗಿನ ಕೂದಲು ನೋಡು, ಅದರ ಅಭ್ಯಾಸ..." ಎಂದವಳು ಅಲ್ಲಿಗೆ ನಿಲ್ಲಿಸಿದೆ. ಮೇಡಂ ಆಡಿದ ಮಾತೇ ನನ್ನ ಬಾಯಲ್ಲಿ ಬಂದಿತ್ತು. ನಾದಿನಿ ನೇಮ ಬಿಟ್ಟ ದಿನ ಯಾಕೆಂದು ನಾನು ಕೇಳಿರಲಿಲ್ಲ, ನನ್ನ ತಲೆಯನ್ನೂ ಕೊಟ್ಟಿರಲಿಲ್ಲ. ನನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿತ್ತು, ನಾನು ಪಕ್ಕದೆಲೆಯ ನೊಣ ಓಡಿಸುತ್ತಿದ್ದೆ.

ಸರಸರನೆ ಹೋಗಿ ಕಿಟಕಿಯ ಕುರ್ಚಿಯಲ್ಲಿ ಕೂತೆ. "ಬಾ. ಕತ್ತರಿಸು."

ಅವಳು ಬಂದು ನನ್ನ ಕೊರಳಿಗೆ ಬಟ್ಟೆ ಕಟ್ಟಿದಳು, ತಲೆಗೆ ನೀರು ಸಿಂಪಡಿಸಿದಳು, ಬಾಚಿ ಬೈತಲೆ ತೆಗೆದಳು. ಕತ್ತರಿ ಎತ್ತಿದವಳು ಹಾಗೆಯೇ ನಿಂತಳು. ಅವಳು ಏನು ನೋಡುತ್ತಿದ್ದಾಳೆಂದು ನಾನೂ ಕನ್ನಡಿ ನೋಡಿದೆ. ಬಟ್ಟೆಯ ಕೆಳಗಿನಿಂದ ನನ್ನ ಎರಡು ಕೈಗಳು ಹೊರಬಂದು ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು, ಹಲ್ಲು ಕೀಳಿಸಿಕೊಳ್ಳಲು ಕೂತವರ ಹಾಗೆ.

ನಾನು ಕೈ ಬಿಟ್ಟೆ. ಅವಳಾಗಲೇ ಕತ್ತರಿ ಕೆಳಗಿಟ್ಟಿದ್ದಳು.

"ಬೇಡ ಅತ್ತಿಗೆ," ಎಂದು ಮೆಲ್ಲಗೆ ಗಂಟು ಬಿಚ್ಚಿದಳು. "ನೀವು ಒಳ್ಳೆಯವರು. ಇಷ್ಟು ಕಷ್ಟಪಟ್ಟು ಕೂತ್ಕೋಬೇಡಿ."

ಬಟ್ಟೆ ಕೊಡವಿ ಮಡಚಿದಳು, ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡಳು, ಮುಲಾಮಿನ ಡಬ್ಬಿಯನ್ನೂ. ನಾದಿನಿ "ಏನಮ್ಮ ಇದು, ಕೂತು ಮಾತಾಡೋಣ" ಎಂದು ಬಾಗಿಲ ತನಕ ಹೋದಳು. ಹೊಸಬಳು ಹಿಂತಿರುಗಿ ನೋಡಲಿಲ್ಲ. ಹೋಗುವಾಗ ಬಾಗಿಲು ಬೇಗ ಮುಚ್ಚಿದಳು.

ಮರುದಿನ ಸಭೆಗೆ ಹೋಗುವ ಮೊದಲು ಮೇಡಂ ಬಂದರು. ತಲೆ ತೊಳೆಯುವವಳು ಎಲ್ಲಿ ಎಂದು ಕೇಳಿದರು. ಬಿಟ್ಟುಹೋದಳು ಎಂದು ತಿಳಿದು ನಿಜಕ್ಕೂ ನೊಂದುಕೊಂಡರು. "ಎಲ್ಲರೂ ಎಷ್ಟು ಪ್ರೀತಿಯಿಂದ ನೋಡ್ಕೊಂಡಿದ್ವಿ" ಎಂದರು. ನನ್ನ ಕುರ್ಚಿಯಲ್ಲೂ ನಾದಿನಿಯ ಕುರ್ಚಿಯಲ್ಲೂ ಜನರಿದ್ದರು. ಗೆಳತಿಯ ಮಗಳು ಕಿಟಕಿಯ ಹತ್ತಿರ ನಿಂತು, "ಬನ್ನಿ ಮೇಡಂ, ನಾನು ಮಾಡ್ತೀನಿ. ಈ ಕುರ್ಚೀಲಿ ಇವತ್ತೇ ಮೊದಲನೇ ದಿನ, ಸ್ವಲ್ಪ ಸುಧಾರಿಸ್ಕೊಳ್ಳಿ" ಎಂದಳು.

"ಎಲ್ಲರೂ ಹಾಗೇ ಅಲ್ವೇನಮ್ಮ ಕಲಿಯೋದು? ಹತ್ತೇ ನಿಮಿಷ ಇರೋದು, ಬೇಗ ಬೇಗ" ಎನ್ನುತ್ತಾ ಮೇಡಂ ಹೋಗಿ ಕೂತರು.