ಐದು ಚಮಚ

"ತಟ್ಟೆ ನೆಕ್ಕೋಕೆ ಇನ್ನು ಯಾರ ಹಿಂದೆ ಹೋಗ್ತೀಯಪ್ಪಾ? ಚಮಚದವರಂತೂ ಮಲಗಿಬಿಟ್ರು. ಅವರ ಚಮಚಾಗೆ ಇನ್ನು ಉಪವಾಸವೇ!"

ಹೋಟೆಲಿನ ಯಜಮಾನ ಇದನ್ನು ಮೆಲ್ಲಗೆ ಹೇಳಲಿಲ್ಲ. ಅಂಗಳದಲ್ಲಿ ಕೂತಿದ್ದ ಮೂವತ್ತು ಜನಕ್ಕೂ ಕೇಳಲಿ ಅಂತಲೇ ಹೇಳಿದ. ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಿಡಿದು ಗೇಟಿನಿಂದ ಬರುತ್ತಿದ್ದ, ತೀರಿಹೋದವರ ಸೋದರಳಿಯ ಅಲ್ಲೇ ನಿಂತ. ಕೆಲವರು ನೆಲ ನೋಡಿದರು. ಒಬ್ಬಿಬ್ಬರು ನಗಲು ಹೋಗಿ, ಸಾವಿನ ಮನೆ ಎಂದು ನೆನಪಾಗಿ ಕೆಮ್ಮಿದರು.

ಒಳಗೆ ನಡುಮನೆಯಲ್ಲಿ ಮಾವನನ್ನು ಮಲಗಿಸಿದ್ದರು. ವ್ಯಾನು ಬರಲು ಇನ್ನೂ ಒಂದು ಗಂಟೆ. ಈ ಕುರ್ಚಿಯಿಂದಲೇ ಆ ಬೋಳುತಲೆಗೆ ಒಂದು ಬಿಟ್ಟರೆ ಹೇಗೆ ಎಂದು ಅಳಿಯನ ಕೈ ಯೋಚಿಸಿತು. ಆದರೆ ಅವನು ಕುರ್ಚಿಯನ್ನು ಯಜಮಾನನ ಮುಂದೆ ಇಟ್ಟು, ಸೀಟನ್ನು ತೋಳಿನಿಂದ ಒರೆಸಿದ.

"ಕೂತ್ಕೊಳಿ ಯಜಮಾನ್ರೇ. ಒಂದೂವರೆ ಚಮಚದೋರು ಜಾಸ್ತಿ ಹೊತ್ತು ನಿಂತ್ಕೋಬಾರ್ದು."

ಈ ಸಲ ಯಾರೂ ಕೆಮ್ಮಲಿಲ್ಲ. ನಕ್ಕೇಬಿಟ್ಟರು.

ಒಂದೂವರೆ ಚಮಚದ ವಿಷಯ ಊರಿಗೆಲ್ಲ ಗೊತ್ತಿತ್ತು. ಬಸ್ ಡಿಪೋದಲ್ಲಿ ಗುಮಾಸ್ತನಾಗಿದ್ದ ಮಾವ ಮೂವತ್ತು ವರ್ಷ ವಾರಪತ್ರಿಕೆಯೊಂದರ ಕೊನೆಯ ಪುಟದಲ್ಲಿ ಸಿಹಿತಿಂಡಿಗಳ ಬಗ್ಗೆ ಅರ್ಧ ಕಾಲಂ ಬರೆದಿದ್ದರು. ದೊಡ್ಡ ಹೋಟೆಲಿನ ಕೇಕಾಗಲಿ, ಮಾರ್ಕೆಟ್ಟಿನ ತಳ್ಳುಗಾಡಿಯ ಐಸ್‌ಕ್ರೀಮಾಗಲಿ, ಐದು ಚಮಚಕ್ಕೆ ಇಷ್ಟು ಎಂದು ಕೊಡುವುದು. ಐದಕ್ಕೆ ಐದನ್ನು ಪತ್ರಿಕೆಯಲ್ಲಿ ಯಾರಿಗೂ ಕೊಟ್ಟವರಲ್ಲ. ಹೋದ ವರ್ಷ ಈ ಯಜಮಾನನ ಚಾಕೊಲೇಟ್ ಪುಡ್ಡಿಂಗಿಗೆ ಒಂದೂವರೆ ಬಂದಿತ್ತು. "ಮೇಲಿನ ಕೆನೆ ನಿನ್ನೆಯದು, ಕೆಳಗಿನ ಪುಡ್ಡಿಂಗ್ ಮೊನ್ನೆಯದು, ಬಡಿಸಿದವನ ನಗು ಮಾತ್ರ ಈವತ್ತಿನದು" ಎಂದು ಅಚ್ಚಾಗಿತ್ತು.

ಆ ಸಾಲು ಅಳಿಯನದು. ಆ ಒಂದೂವರೆಯೂ ಅವನದೇ.

*

ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರ ಮೇಲೆ ಡಸ್ಟರ್ ಎಸೆದು ಅವನು ಶಾಲೆ ಬಿಟ್ಟಾಗ ಮನೆಯಲ್ಲಿ ಎಲ್ಲರೂ ಬೈದರು. ಮಾವ ಬೈಯಲಿಲ್ಲ. "ನಾಲಿಗೆ ನೆಟ್ಟಗಿದೆಯಲ್ಲ? ಬಾ" ಎಂದು ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಜೇಬಿನಲ್ಲಿ ತಮ್ಮದೇ ಸ್ಟೀಲ್ ಚಮಚ, ತಿನ್ನುವ ಮೊದಲು ನಾಲಿಗೆ ತೊಳೆಯಲು ಹೆಗಲಲ್ಲಿ ಬಿಸಿನೀರಿನ ಫ್ಲಾಸ್ಕು. ಟ್ರೇಯ ಮೊದಲ ತುಂಡನ್ನು ಅವರು ಮುಟ್ಟುತ್ತಿರಲಿಲ್ಲ. ಟ್ರೇ ಖಾಲಿಯಾಗುತ್ತಾ ಬರುವ ತನಕ ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕಾಯುತ್ತಿದ್ದರು.

"ಮೊದಲನೇ ತುಂಡು ಮದುಮಗಳು ಕಣೋ, ಎಲ್ಲರಿಗೂ ಚೆನ್ನಾಗೇ ಕಾಣ್ತಾಳೆ. ಮೂಲೇಲಿ ಉಳಿದಿರೋ ಕೊನೇ ತುಂಡು ನೋಡು. ಮಾಡ್ದೋನ ಬಂಡವಾಳ ಅಲ್ಲಿರುತ್ತೆ."

ಎರಡು ವರ್ಷದ ಹಿಂದೆ, ವಾರವಿಡೀ ಜ್ವರ ಬಂದು ಎದ್ದ ಮೇಲೆ, ಮಾವ ಹೀಗೇ, ಮಾರ್ಕೆಟ್ಟಿನಲ್ಲಿ ಎಲ್ಲರೂ ಪುಡ್ಡಿಂಗ್ ಅಕ್ಕ ಅನ್ನುತ್ತಿದ್ದ ಹೆಂಗಸಿನ ಅಂಗಡಿಯ ಕೊನೆಯ ತುಂಡಿಗೆ ಕಾದು ಕೂತಿದ್ದರು. ಬಂತು. ಮೂರು ಚಮಚ ತಿಂದರು. ಕಣ್ಣು ಮುಚ್ಚಿದರು.

"ಮೂರೂವರೆ ಕೊಡಬಹುದು. ಮೆತ್ತಗಿದೆ. ಸಕ್ಕರೆ ಒಂಚೂರು ಮುಂದೆ."

ಅಳಿಯ ತನ್ನ ಚಮಚ ಬಾಯಿಗಿಟ್ಟ. ಇಟ್ಟವನೇ ಚರಂಡಿಗೆ ಉಗಿದ. ಉಪ್ಪು! ಬರೀ ಉಪ್ಪು! ಅಷ್ಟರಲ್ಲಿ ಅಕ್ಕನೂ ಟ್ರೇಗೆ ಬೆರಳು ಅದ್ದಿ ನೆಕ್ಕಿ, ಬಿಳಿಚಿಕೊಂಡಿದ್ದಳು. ಉಪ್ಪು, ಸಕ್ಕರೆ ಎರಡು ಡಬ್ಬಿಗೂ ಒಂದೇ ಬಣ್ಣದ ಮುಚ್ಚಳ, ಬೆಳಗಿನ ಗಡಿಬಿಡಿ. ಇಡೀ ದಿನ ಆ ಟ್ರೇಯಿಂದ ಒಂದು ತುಂಡೂ ಹೋಗಿರಲಿಲ್ಲ. ಮಾವ ಕೊನೆಯ ತುಂಡನ್ನೇ ತಿನ್ನುವವರೆಂದು ಉಳಿದವನ್ನು ಒಳಗಿಟ್ಟು, ಕೊನೆಯದೆಂದು ಒಂದನ್ನು ತಂದುಕೊಟ್ಟಿದ್ದಳು.

ಮಾವ ಇಬ್ಬರ ಮುಖವನ್ನೂ ನೋಡಿದರು. ಚಮಚ ಕೆಳಗಿಟ್ಟರು.

"ಯಾವಾಗಿಂದ ಮಾವಾ?"

"ಜ್ವರ ಬಿಟ್ಟಾಗಿಂದ. ಬಿಸಿ ಗೊತ್ತಾಗುತ್ತೆ, ತಣ್ಣಗೆ ಗೊತ್ತಾಗುತ್ತೆ. ಮಿಕ್ಕಿದ್ದೆಲ್ಲ ಒದ್ದೆ ಕಾಗದ."

ಅಕ್ಕ ಟ್ರೇ ಎತ್ತಿ ಅಷ್ಟನ್ನೂ ಚರಂಡಿಗೆ ಸುರಿದಳು. "ನಾನೇನೂ ನೋಡಿಲ್ಲ, ಅಣ್ಣಾ. ನೀವೂ ಏನೂ ತಿಂದಿಲ್ಲ."

ದಾರಿಯಲ್ಲಿ ಅಳಿಯ, "ಪತ್ರಿಕೆಯೋರು ಹಾಳಾಗೋಗ್ಲಿ, ಅತ್ತೆಗಾದ್ರೂ ಹೇಳಿ" ಎಂದ.

"ಅವಳಿಗೆ ಹೇಳೋ ಹಾಗಿಲ್ಲ ಕಣೋ." ಮಾವ ಗೋಡೆ ಹಿಡಿದು ನಿಂತರು. "ಮೊನ್ನೆ ಕಸ್ಟರ್ಡ್ ಮಾಡಿ ತಂದ್ಲು. ಮೂವತ್ತು ವರ್ಷದಿಂದ ಎರಡೂವರೆ, ಎರಡೂವರೆ ಅಂತಿದ್ದೆ. ಮೊನ್ನೆ ಏನೂ ಗೊತ್ತಾಗ್ಲಿಲ್ಲ. ಗಾಬರಿಗೆ ಐದು ಅಂದ್ಬಿಟ್ಟೆ. ಆ ಮುಖ ನೀನು ನೋಡ್ಬೇಕಿತ್ತು. ಅಡುಗೆಮನೆಗೆ ಹೋಗಿ ಒಬ್ಬಳೇ ನಗ್ತಾ ಇದ್ಲು."

ಮರುದಿನದಿಂದ ಅಳಿಯ ತಿಂದು ಹೇಳಿದ, ಮಾವ ಬರೆದರು.

*

ಮಾವನನ್ನು ಕಳಿಸಿ ಎಲ್ಲರೂ ವಾಪಸು ಬಂದಾಗ ಮಧ್ಯಾಹ್ನ ಮೂರು. ಅಂಗಳದಲ್ಲಿ ಉಳಿದವರು ಕೆಲವೇ ಜನ. ಪತ್ರಿಕೆಯ ಸಂಪಾದಕರು ಕನ್ನಡಕ ಒರೆಸುತ್ತಾ, "ಕೊನೇ ಎರಡು ವರ್ಷ ಬರೆದ್ರು ನೋಡಿ, ಅದರ ಮುಂದೆ ಹಳೇದೆಲ್ಲ ಸಪ್ಪೆ. ನಾಲಿಗೆ ಮಾಗೋದು ಅಂದ್ರೆ ಅದು. ಆ ಜಾಗಕ್ಕೆ ಯಾರನ್ನ ತರಲಿ?" ಎಂದರು.

ಪುಡ್ಡಿಂಗ್ ಅಕ್ಕ ಅಳಿಯನ ಪಕ್ಕೆ ತಿವಿದಳು. "ಬಾಯಿ ಬಿಡೋ ದಡ್ಡ." ಅವನು ಬಿಡದಿದ್ದಾಗ ತಾನೇ ಅಂದಳು: "ಇವನಿದಾನಲ್ಲ ಸಾರ್. ಅವರ ಜೊತೆ ಹತ್ತು ವರ್ಷ ತಿಂದಿದಾನೆ."

"ತಿನ್ನೋಕೇನು, ನಮ್ಮ ಎಮ್ಮೇನೂ ತಿನ್ನುತ್ತೆ," ಎಂದ ಹೋಟೆಲ್ ಯಜಮಾನ. "ಎಂಟನೇ ಕ್ಲಾಸು ಸಾರ್ ಇವನು!"

ಅಳಿಯ ಎದ್ದು ನಿಂತ. ಈ ಜಾಗ ಅವನಿಗೆ ಬೇಕಿತ್ತು. ಅವನಿಗೆ ಬರುತ್ತಿದ್ದದ್ದು ಇದೊಂದೇ, ಮತ್ತು ಇದು ಬೇರೆ ಯಾರಿಗೂ ಅವನಷ್ಟು ಬರುತ್ತಿರಲಿಲ್ಲ.

"ಯಾವ ಬೀದಿ ಬೇಕೋ ಕೇಳಿ ಸಾರ್. ಸ್ಟೇಷನ್ ಎದುರಿಗಿನ ಬೇಕರಿ? ಬೆಣ್ಣೆ ಕೇಕಲ್ಲಿ ಬೆಣ್ಣೆ ಬೋರ್ಡಲ್ಲಿ ಮಾತ್ರ. ಎರಡು. ಆಸ್ಪತ್ರೆ ಹಿಂದಿನ ಗಾಡಿ? ಮಾವಿನ ಐಸ್‌ಕ್ರೀಮ್, ಹಣ್ಣು ಸರಿಯಾದ್ದು, ಐಸ್ ಮರಳಿನ ಹಾಗೆ ಸಿಗುತ್ತೆ. ಮೂರು. ಬೇಸಿಗೇಲಿ ಹೋದ್ರೆ ಮೂರೂವರೆ."

ಸಂಪಾದಕರು ಒರೆಸುವುದನ್ನು ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಜೇಬಿನಿಂದ ಪೆನ್ನು ಬಂತು. "ಭೇಷ್. ನಾನೇ ರುಚಿ ನೋಡೋ ಅಂಥದ್ದು ಯಾವುದಾದ್ರೂ ಒಂದು ಹೇಳಿಬಿಡು. ಮುಂದಿನ ವಾರದಿಂದಲೇ ಶುರು ಮಾಡೋಣ."

ಆಗಲೇ ಅತ್ತೆ ಅಡುಗೆಮನೆಯಿಂದ ಒಂದು ಬಟ್ಟಲು ಹಿಡಿದು ಬಂದರು. ಅತ್ತು ಅತ್ತು ಮುಖ ಊದಿತ್ತು.

"ಮೊನ್ನೆ ಮಾಡಿದ ಕಸ್ಟರ್ಡು. ಕೊನೇ ಬಟ್ಟಲು ನಾಳೆ ತಿಂತೀನಿ ಅಂತ ಫ್ರಿಜ್ಜಲ್ಲಿಡಿಸಿದ್ರು. ಚೆಲ್ಲೋಕೆ ಮನಸ್ಸು ಬರ್ತಿಲ್ಲ. ನೀನಾದ್ರೂ ತಿನ್ನಪ್ಪ."

"ಸರಿಯಾಯ್ತು, ಇದನ್ನೇ ಹೇಳಲಿ," ಎಂದ ಯಜಮಾನ. ತಾನೇ ಒಂದು ಚೂರು ಬಾಯಿಗೆ ಹಾಕಿಕೊಂಡು, ಸಂಪಾದಕರಿಗೂ ಕೊಡಿಸಿದ. ಸಂಪಾದಕರು ನಿಧಾನವಾಗಿ ನುಂಗಿದರು.

"ದಾಕ್ಷಿಣ್ಯ ಬೇಡ," ಎಂದರು ಅಳಿಯನಿಗೆ. "ನಿಮ್ಮ ಮಾವ ಯಾರಿಗೂ ದಾಕ್ಷಿಣ್ಯ ಮಾಡಿದೋರಲ್ಲ."

"ನನಗೂ ಮಾಡ್ಲಿಲ್ಲ!" ಅತ್ತೆಯ ದನಿಯಲ್ಲಿ ಬೆಳಗಿನಿಂದ ಇಲ್ಲದ ಬಿಗುವು ಬಂತು. "ಮೂವತ್ತು ವರ್ಷ ಎರಡೂವರೆ ದಾಟ್ಲಿಲ್ಲ, ಆಸಾಮಿ. ಆಮೇಲೆ ನನ್ನ ಕೈ ಕುದುರ್ತು. ಎರಡು ವರ್ಷ, ಮಾಡಿದಾಗೆಲ್ಲ ಐದಕ್ಕೆ ಐದು. ಕೇಳಿ ಬೇಕಾದ್ರೆ, ಇವನೂ ಇದ್ದ."

ಅಳಿಯ ಜೇಬಿನಿಂದ ಸ್ಟೀಲ್ ಚಮಚ ತೆಗೆದ. ಮಾವನದು. ಕಟ್ಟೆಯ ಮೇಲಿದ್ದ ಮಾವನ ಫ್ಲಾಸ್ಕಿನಿಂದ ಒಂದು ಗುಟುಕು ಬಿಸಿನೀರು ಕುಡಿದು, ಕಸ್ಟರ್ಡು ಬಾಯಿಗಿಟ್ಟ. ಹಾಲು ತಳ ಹತ್ತಿತ್ತು. ಪುಡಿ ಗಂಟುಗಂಟಾಗಿ ಉಳಿದಿತ್ತು. ಸಕ್ಕರೆ ಕೊನೆಗೆ ಹಾಕಿ ತಿರುವದೆ ಬಿಟ್ಟದ್ದು. ಎರಡೂವರೆ. ಮೂವತ್ತು ವರ್ಷ ಮಾವ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅತ್ತೆ ಅವನ ಬಾಯನ್ನೇ ನೋಡುತ್ತಿದ್ದರು. ಸಂಪಾದಕರ ಪೆನ್ನು ಕಾಯುತ್ತಿತ್ತು.

"ಐದು," ಎಂದ ಅಳಿಯ. ಗಟ್ಟಿಯಾಗಿ, ಅನುಮಾನಕ್ಕೆ ಜಾಗವಿಲ್ಲದ ಹಾಗೆ.

ಅತ್ತೆ ತಲೆಯಾಡಿಸಿದರು. ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿತು, ಪಾತ್ರೆಯ ಸದ್ದೂ.

ಯಜಮಾನ ತೊಡೆ ತಟ್ಟಿದ. "ನೋಡಿದ್ರಾ ಸಾರ್? ಇದಕ್ಕೆ ಐದಂತೆ! ಇಂಥ ನಾಲಿಗೆ ಇಟ್ಕೊಂಡು ಊರಿಗೆಲ್ಲ ರುಚಿ ಹೇಳೋಕೆ ಬಂದಿದಾನೆ! ಏನೋ, ನಿಜ ಹೇಳೋ, ನಿಂಗೆ ನಾಲಿಗೆ ಇದೆಯೇನೋ?"

ಸಂಪಾದಕರು ಪೆನ್ನಿಗೆ ಕ್ಯಾಪು ಹಾಕಿದರು. ಪುಡ್ಡಿಂಗ್ ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅಳಿಯ ಅವಳತ್ತ ಒಮ್ಮೆ ನೋಡಿದ. ಮುಚ್ಚಿದಳು.

ಅಡುಗೆಮನೆಯ ಕಿಟಕಿ ತೆರೆದಿತ್ತು. ಒಳಗೆ ನಲ್ಲಿ ನಿಂತಿತು.

ಅವನು ಬಟ್ಟಲನ್ನು ಎತ್ತಿಕೊಂಡು ಉಳಿದದ್ದನ್ನು ತಿಂದ. ತಳಕ್ಕೆ ಅಂಟಿದ್ದ ಕಂದು ಚೂರನ್ನೂ ಕೆರೆದು ತಿಂದ. ಚಮಚವನ್ನು ಅಂಗಿಗೆ ಒರೆಸಿ ಜೇಬಿಗಿಟ್ಟ. ಖಾಲಿ ಬಟ್ಟಲನ್ನು ಅತ್ತೆಗೆ ಕಾಣುವಂತೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಜೋಡಿಸಿಟ್ಟ ಕುರ್ಚಿಗಳನ್ನು ದಾಟಿ, ಗೇಟು ತೆಗೆದು, ರಸ್ತೆಗಿಳಿದು ನಡೆದುಹೋದ.