ಹಸಿರು ಕಂಬಗಳ ಬೂದಿ

ಕಟ್ಟಡ ಕೆಡವಿದ ಕಡೆಯಿಂದೆಲ್ಲ ಹಳೆ ಮರ ಹೊತ್ತು ತಂದು ಶಿಲ್ಪ ಮಾಡುತ್ತಿದ್ದವನನ್ನು ಬೀದಿಯವರು ಕೊರಡಪ್ಪ ಎಂದೇ ಕರೆಯುತ್ತಿದ್ದರು. ಜಪಾನಿನವರ ಮರದ ಕೆಲಸವನ್ನು ಒಬ್ಬ ಗುರುವಿನ ಬಳಿ ಕಲಿತವನು ಅವನು. ಮೊಳೆ ಹೊಡೆಯಬಾರದು, ಬಿರುಕು ಮುಚ್ಚಬಾರದು. ಮರದ ಮೈಯನ್ನು ಉರಿಯಲ್ಲಿ ಸುಟ್ಟು, ಮಸಿ ಉಜ್ಜಿ ತೆಗೆದು ಎಣ್ಣೆ ಕುಡಿಸಬೇಕು. ಎರಡು ಮರಗಳ ನಡುವೆ ಬಿಟ್ಟ ಖಾಲಿ ಜಾಗಕ್ಕೂ ಮರದಷ್ಟೇ ತೂಕ ಇರಬೇಕು.

“ಲೋಕದವರೆಲ್ಲ ಕರಿ ಪಾತ್ರೆ ಬೆಳ್ಳಗೆ ಮಾಡೋಕೆ ಸಾಯ್ತಾರೆ. ನೀವು ಒಳ್ಳೇ ಮರ ತಂದು ಕರ್ರಗೆ ಮಾಡ್ತೀರಲ್ಲರೀ,” ಎಂದು ಹೆಂಡತಿ ನಗುತ್ತಿದ್ದಳು.

“ಹುಟ್ಟಿದಾಗ ಅವನೂ ಹಾಗೇ ಇದ್ದ ಬಿಡೇ,” ಎಂದು ಅತ್ತೆ ಒಲೆಯ ಮುಂದಿನಿಂದಲೇ ದನಿಗೂಡಿಸುತ್ತಿದ್ದಳು. ಅಡುಗೆ ಅತ್ತೆಯದು, ಪಾತ್ರೆ ಸೊಸೆಯದು. ಆ ಮನೆಯಲ್ಲಿ ಅದೊಂದು ವಿಷಯಕ್ಕೆ ಯಾವತ್ತೂ ಜಗಳವಾದದ್ದಿಲ್ಲ.

ಒಂದು ದಿನ ಹಳೆ ಮರದ ವ್ಯಾಪಾರಿ ಲಾರಿಯಲ್ಲಿ ಕಂಬಗಳನ್ನು ತಂದು ಇಳಿಸಿದ. ದೋಣಿ ನಿಲ್ಲುವ ಕಟ್ಟೆಯನ್ನು ಕಿತ್ತಾಗ ಸಿಕ್ಕವು. ಹೊರಗೆ ಬೂದು ಬಣ್ಣ. ಕೊಯ್ದರೆ ಒಳಗೆ ಪಾಚಿಯಂಥ ತಿಳಿ ಹಸಿರು.

“ಈ ಬಣ್ಣ ಹೇಗೆ ಬಂತು?” ಎಂದು ಕೊರಡಪ್ಪ ಕೇಳಿದ.

“ಔಷಧಿ ಕುಡಿಸಿದ ಮರ ಅಣ್ಣ. ನೂರು ವರ್ಷ ಇಟ್ರೂ ಗೆದ್ದಲು ಮೂಸಿ ನೋಡಲ್ಲ.”

ಮಾರುವವನು ತನ್ನ ಮೊಸರು ಹುಳಿ ಎನ್ನುತ್ತಾನೆಯೇ? ಕೊರಡಪ್ಪ ಆ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅವನ ಕಣ್ಣಿಗೆ ಅದು ಕಾಲವೇ ಬಳಿದ ಬಣ್ಣವಾಗಿತ್ತು.

ಮೂರು ಕಂಬಗಳು ಒಂದರ ಕಡೆಗೊಂದು ಬಾಗಿಯೂ ತಾಗದೆ ನಿಲ್ಲಬೇಕು ಎಂದು ಲೆಕ್ಕ ಹಾಕಿದ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು, ಹಿತ್ತಲಿನಲ್ಲಿ ಅದೇ ಮರದ ಚೂರುಪಾರುಗಳನ್ನು ಉರಿಸಿ ಕಂಬಗಳ ಮೈ ಸುಟ್ಟು ನಿಲ್ಲಿಸಿದ. ಏನನ್ನಾದರೂ ಎಸೆಯುವುದು ಆ ಮನೆಯ ಜಾಯಮಾನದಲ್ಲೇ ಇರಲಿಲ್ಲ. ಊರವರು ಬಿಸಾಡಿದ ಮರವನ್ನು ಗಂಡ ತಂದರೆ, ಗಂಡ ಬಿಟ್ಟ ಬೂದಿಯನ್ನು ಹೆಂಡತಿ ಜರಡಿ ಹಿಡಿದು ಡಬ್ಬಿಗೆ ತುಂಬಿಕೊಂಡಳು. ಬಹಳ ನಯವಾದ ಬೂದಿ. ತಿಕ್ಕಿದ ಪಾತ್ರೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಉಳಿದದ್ದನ್ನು ಕುಂಬಳದ ಬಳ್ಳಿಯ ಬುಡಕ್ಕೆ ಸುರಿದಳು.

ಬಳ್ಳಿ ಒಣಗಿತು. ಬೇರಿಗೆ ಹುಳ ಬಿದ್ದಿರಬೇಕು ಎಂದಳು ಅತ್ತೆ.

ಆಮೇಲೆ ಸೊಸೆಗೆ ವಾಂತಿ ಹಿಡಿಯಿತು. ಬಾಚಣಿಗೆಗೆ ಕೂದಲು ಕಂತೆಯಾಗಿ ಬಂತು. ಅಂಗೈ ದಡ್ಡುಗಟ್ಟಿ ಒರಟಾಯಿತು. ಕಂಬಗಳಿಗೆ ಎಣ್ಣೆ ಉಜ್ಜುವುದು ಅವಳ ಕೆಲಸ. ಉಜ್ಜುತ್ತಿದ್ದವಳು ಒಂದು ಸಂಜೆ ಕೈ ನಿಲ್ಲಿಸಿ, “ರೀ, ಮರ ನನ್ನ ಕೈಗೇ ಗೊತ್ತಾಗ್ತಿಲ್ಲ,” ಎಂದಳು.

ಡಾಕ್ಟರು ಅವಳ ಉಗುರುಗಳ ಮೇಲಿನ ಬಿಳಿ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಪರೀಕ್ಷೆ ಮಾಡಿಸಿ, ಕೊರಡಪ್ಪನನ್ನು ಒಬ್ಬನನ್ನೇ ಒಳಗೆ ಕರೆದರು.

“ದಿನಾ ಸ್ವಲ್ಪ ಸ್ವಲ್ಪ ಪಾಷಾಣ ಮೈಗೆ ಸೇರ್ತಿದೆ. ಮನೇಲಿ ಇಲಿ ಪಾಷಾಣ ಇದೆಯಾ? ಅಡುಗೆ ಯಾರು ಮಾಡೋದು?”

“ನಮ್ಮಮ್ಮ,” ಎಂದ.

ಮನೆಗೆ ಬಂದು ಹುಡುಕಿದರೆ ಮೇಲಿನ ಹಲಗೆಯಲ್ಲಿ ಇಲಿ ಪಾಷಾಣದ ಪೊಟ್ಟಣ ಇತ್ತು. ಬಾಯಿ ಹರಿದಿತ್ತು.

“ಅಟ್ಟದ ಇಲಿಗೆ ಅಂತ ನೀನೇ ತಂದಿದ್ದಲ್ವೇನೋ?” ಎಂದಳು ತಾಯಿ.

“ಇವತ್ತಿಂದ ನೀನು ಒಲೆ ಹತ್ರ ಹೋಗ್ಬೇಡ.”

ತಾಯಿ ಸೌಟು ಕೆಳಗಿಟ್ಟಳು. “ನಿನಗೆ ತುತ್ತಿಟ್ಟು ಬೆಳೆಸಿದ ಕೈ ಕಣೋ ಇದು,” ಎಂದಳು.

ಹಾಸಿಗೆಯಿಂದ ಹೆಂಡತಿ ಕೂಗಿದಳು: “ಅತ್ತೆಗೆ ಹೀಗಂದ್ರೆ ನಾಲಿಗೆ ಸೇದಿ ಹೋಗುತ್ತೆ ನಿಮಗೆ!”

ಅಡುಗೆ ಅವನೇ ಮಾಡಿದ. ವಿಷದ ಭಯಕ್ಕೆ ಪ್ರತಿ ಪಾತ್ರೆಯನ್ನೂ ಎರಡೆರಡು ಸಲ ಬೂದಿ ಹಾಕಿ ತಿಕ್ಕಿದ. ಹೆಂಡತಿ ಕುಡಿಯುವ ಲೋಟವನ್ನಂತೂ ಬೆರಳು ನೋಯುವ ತನಕ ಉಜ್ಜಿದ. ತಾಯಿಯ ಅಡುಗೆ ನಿಂತರೂ ಕಾಯಿಲೆ ಏರಿತೇ ಹೊರತು ಇಳಿಯಲಿಲ್ಲ. ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ಒಂದು ಬೆಳಿಗ್ಗೆ ಅವಳಿಗೆ ಗಂಜಿ ಒಯ್ಯಲು ಪಾತ್ರೆ ತೊಳೆಯುತ್ತಿದ್ದಾಗ ಅವನ ಬೆರಳುಗಳೂ ಜುಮುಗುಟ್ಟಿದವು. ಚೆಲ್ಲಿದ ಸಕ್ಕರೆಗೆ ಇರುವೆ ಸಾಲುಗಟ್ಟಿತ್ತು. ನಡುವೆ ಒಂದು ಚಿಟಿಕೆ ಬೂದಿ ಬಿದ್ದಿತ್ತು. ಸಾಲು ಅಲ್ಲಿಗೆ ಬಂದು, ದೂರದಿಂದಲೇ ಸುತ್ತಿಕೊಂಡು ಹೋಗುತ್ತಿತ್ತು.

“ಗೆದ್ದಲು ಮೂಸಿ ನೋಡಲ್ಲ,” ಎಂದಿದ್ದ ವ್ಯಾಪಾರಿ.

ಒಣಗಿದ ಬಳ್ಳಿ ಕಣ್ಣ ಮುಂದೆ ಬಂತು. ಬೂದಿಯ ಡಬ್ಬಿಯನ್ನು ಎದೆಗವಚಿಕೊಂಡು ಆಸ್ಪತ್ರೆಗೆ ಓಡಿದ. ಗೆದ್ದಲು ಹತ್ತದಿರಲೆಂದು ಮರಕ್ಕೆ ಕುಡಿಸಿದ್ದ ಪಾಷಾಣವೇ ಬೂದಿಯಲ್ಲೂ ಉಳಿದಿದೆ ಎಂಬುದು ಡಾಕ್ಟರಿಗೆ ಖಚಿತವಾಯಿತು. ಜರಡಿ ಹಿಡಿದು ದಿನಾ ತಿಕ್ಕಿದವಳ ಮೈಗೇ ಅದು ಹೆಚ್ಚು ಸೇರಿತ್ತು. ಅದಕ್ಕೆ ತಕ್ಕ ಮದ್ದೂ ಕೊಟ್ಟರು. ಮದ್ದು ಹಿಡಿಯುವಷ್ಟು ಜೀವ ಅವಳಲ್ಲಿ ಉಳಿದಿರಲಿಲ್ಲ.

ಹೆಂಡತಿಯನ್ನು ಮಣ್ಣು ಮಾಡಿ ಬಂದವನು ನೇರವಾಗಿ ಹಿತ್ತಲಿಗೆ ಹೋಗಿ, ಕಂಬಗಳ ಬುಡಕ್ಕೆ ಸೀಮೆಎಣ್ಣೆ ಸುರಿದು ಬೆಂಕಿಕಡ್ಡಿ ಗೀರಿದ. ತಾಯಿ ಬಂದು ಅದನ್ನು ಊದಿ ಆರಿಸಿದಳು.

“ಆ ಹೊಗೆ ಇನ್ನು ಯಾರ ಮಕ್ಕಳಿಗೆ ಕುಡಿಸ್ತೀಯ?”

ಸುಡುವ ಹಾಗಿಲ್ಲ, ಹೂಳಿದರೆ ವಿಷ ನೆಲಕ್ಕೆ ಇಳಿಯುತ್ತದೆ. ಹಾಗಾಗಿ ಆ ಮೂರು ಕಂಬಗಳು ಟಾರ್ಪಾಲಿನ ಕೆಳಗೆ ಅಲ್ಲೇ ನಿಂತಿವೆ. ಒಮ್ಮೆ ಗುರು ಬಂದು ಟಾರ್ಪಾಲು ಸರಿಸಿ ನೋಡಿ, “ನಿನ್ನ ಕೆಲಸದಲ್ಲೆಲ್ಲ ಇದೇ ದೊಡ್ಡದು,” ಎಂದರು. ಅವನು ಮತ್ತೆ ಮುಚ್ಚಿದ.

ಹಳೆಯ ಪಾತ್ರೆಗಳೆಲ್ಲ ಹೋಗಿ ಹೊಸವು ಬಂದವು. ಒಲೆ ಮತ್ತೆ ತಾಯಿಯ ಕೈಗೆ ಬಂತು. ಮೊದಲ ದಿನ ಅವಳು ಮಗನ ತಟ್ಟೆಗೆ ಅನ್ನ ಬಡಿಸಿ, ಅದರಿಂದಲೇ ಒಂದು ತುತ್ತು ತೆಗೆದು, ಅವನ ಎದುರು ಕೂತು ಅಗಿದು ನುಂಗಿ, ಆಮೇಲೆ ತಟ್ಟೆಯನ್ನು ಮುಂದೆ ತಳ್ಳಿದಳು.

“ಅಮ್ಮಾ, ಹಾಗೆ ಮಾಡ್ಬೇಡಮ್ಮ.”

“ತಿನ್ನು. ಆರಿ ಹೋಗುತ್ತೆ.”

ಇವತ್ತಿಗೂ ಮೊದಲ ತುತ್ತು ಅವಳದೇ.