ಆಚಾರ್ರ ಮನೆಯ ಅಡಿಗಲ್ಲು

ನಾನು ಒಂದು ಅಡಿಗಲ್ಲು. ಹನುಮಂತ ಲಂಕೆಗೆ ಹಾರುವಾಗ ಕಾಲೂರಿ ಜಿಗಿದದ್ದು ನನ್ನ ಬೆನ್ನ ಮೇಲಿಂದಲೇ. ಪಕ್ಕದ ಬೆಟ್ಟ ಮೊಣಕಾಲುದ್ದ ಕುಸಿಯಿತು; ನಾನು ಮಿಸುಕಲಿಲ್ಲ. ಪುರಾಣ ಬರೆದವರು ಬೆಟ್ಟದ ಹೆಸರು ಬರೆದು ನನ್ನದನ್ನು ಬಿಟ್ಟರು. ಇರಲಿ, ದೊಡ್ಡವರ ಪಾಲಿಗೆ ಇದೆಲ್ಲ ಇದ್ದದ್ದೇ.

ಹೆಸರಿನಲ್ಲಿ ಕಲ್ಲಿದ್ದರೂ ನಾನು ಕಲ್ಲಲ್ಲ. ಕಮ್ಮಾರನು ಕಾದ ಕಬ್ಬಿಣವನ್ನು ಯಾವುದರ ಮೇಲಿಟ್ಟು ಬಡಿಯುತ್ತಾನೋ ಅದೇ ನಾನು. ಒಂದು ಕಡೆ ಕೊಂಬು, ಮೇಲೆ ಚಪ್ಪಟೆ ಮುಖ, ಕೆಳಗೆ ಹುಣಸೆ ಮರದ ಕೊರಡು. ಹುಟ್ಟಿದ್ದು ಬಿಳಿಯರ ಸೀಮೆಯಲ್ಲಿ. ಏಳು ಸಮುದ್ರದಾಚೆ, ಆನೆ ಗಾತ್ರದ ಸುತ್ತಿಗೆಗಳಿಂದ ಬಡಿದು ಬಡಿದು, ಅಪ್ಪಟ ಉಕ್ಕಿನಲ್ಲಿ ನನ್ನನ್ನು ರೂಪಿಸಿದರು. ನನ್ನನ್ನು ಹೊತ್ತ ಹಡಗು ದಾರಿಯುದ್ದಕ್ಕೂ ಒಂದೇ ಕಡೆಗೆ ವಾಲಿಕೊಂಡು ಬಂತು. ಕೋಲಾರದ ಚಿನ್ನದ ಗಣಿಯಲ್ಲಿ ನಾನಿದ್ದಾಗ ದೊರೆಗಳು ನನ್ನ ಸದ್ದು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಇಷ್ಟನ್ನೂ ನನಗೆ ಕಲಿಸಿದವನು ಮುದ್ದಾಚಾರಿ. ಹಳೆಯ ಸಾಮಾನು ಮಾರುವವನೊಬ್ಬನಿಂದ ನನ್ನನ್ನು ಕೊಂಡು, ಮಾಲೂರಿನಾಚೆಯ ತನ್ನ ಊರಿಗೆ ಎತ್ತಿನ ಗಾಡಿಯಲ್ಲಿ ತಂದವನು. “ಇದು ಗಣಿ ಮಾಲು, ಸೀಮೆ ಉಕ್ಕು” ಎಂದು ಕುಲುಮೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಹಡಗು ವಾಲಿದ್ದು ಮಾತ್ರ ನಾನು ಸೇರಿಸಿಕೊಂಡದ್ದು.

ಆ ಊರಿನ ತುಂಬ ವಿಗ್ರಹ ಕೆತ್ತುವವರು. ಅವರೂ ಆಚಾರಿಗಳೇ, ನಮ್ಮವರೂ ಆಚಾರಿಗಳೇ. ಅವರದು ಕಲ್ಲು, ನಮ್ಮದು ಕಬ್ಬಿಣ. ಅವರ ಉಳಿ ಮೊಂಡಾದರೆ ನಮ್ಮ ಕುಲುಮೆಗೆ ಬರುತ್ತದೆ. ಕಾಯಿಸಿ, ನನ್ನ ಮೇಲಿಟ್ಟು ಬಡಿದು, ಹದ ಹಾಕಿ ಕೊಡುತ್ತಾರೆ. ಈ ಸುತ್ತಿನ ಯಾವ ಗುಡಿಯಲ್ಲಾದರೂ ದೇವರ ಮೂಗು ನೇರವಾಗಿದ್ದರೆ ಅದಕ್ಕೆ ಕಾರಣ ನಾನು. ಸೊಟ್ಟಗಿದ್ದರೆ ಅದು ಶಿಲ್ಪಿಯ ತಪ್ಪು.

ಮುದ್ದಾಚಾರಿ ಹೋದ ಮೇಲೆ ಮಗ ಕಾಳಾಚಾರಿಯ ಕೈಗೆ ಬಂದೆ. ಅವನು ಇಕ್ಕಳದಲ್ಲಿ ಉಳಿ ಹಿಡಿದು ಕೂತರೆ ಎದುರಿಗೆ ನಿಂತು ಸಮ್ಮಟಿ ಎತ್ತುವವಳು ಅವನ ಹೆಂಡತಿ ಸಾಕಮ್ಮ. ಅವಳ ಕೆಲಸ ಬಲು ಹಗುರ. ಒಳ್ಳೆಯ ಅಡಿಗಲ್ಲು ತನ್ನ ಮೇಲೆ ಬಿದ್ದ ಸಮ್ಮಟಿಯನ್ನು ತಾನೇ ಪುಟಿಸುತ್ತದೆ. ನಾನಂತೂ ಮಾಡಿನ ಹೆಂಚು ಮುಟ್ಟುವಂತೆ ಎಸೆಯುತ್ತಿದ್ದೆ. ಹಿಡಿ ಜಾರದಂತೆ ನೋಡಿಕೊಂಡರೆ ಅವಳಿಗೆ ಅಷ್ಟೇ ಸಾಕಿತ್ತು. ಆದರೂ ಯಾಕೋ ಸಂಜೆಯಾದರೆ ಬಲಭುಜಕ್ಕೆ ಹರಳೆಣ್ಣೆ ಹಚ್ಚಿಕೊಂಡು ಕೂರುತ್ತಿದ್ದಳು. ವರ್ಷ ಕಳೆದಂತೆ ನನ್ನ ಮುಖದ ನಡುವೆ ತಟ್ಟೆಯಂತೆ ಹಳ್ಳ ಬಿತ್ತು. ಅವಳ ಭುಜದ ನೋವು ಮೊಣಕೈಗೆ ಇಳಿಯಿತು.

ಹೀಗಿರುವಾಗ ಊರಿಗೆ ಸಮುದಾಯ ಭವನ ಮಂಜೂರಾಯಿತು. ಶಾಸಕರು ಬಂದು ಅಡಿಗಲ್ಲು ಇಡುತ್ತಾರೆಂದು ಗೊತ್ತಾಯಿತು. ಹೆಸರು ಕೆತ್ತಿದ ಕಲ್ಲೊಂದು ಶಿಲ್ಪಿಯೊಬ್ಬರ ಮನೆಯಲ್ಲಿ ಸಿದ್ಧವಿತ್ತು. ಭವನದ ಸಮಿತಿಯವರು ಟೆಂಪೋ ಪಿಳ್ಳಪ್ಪನಿಗೆ ಹೇಳಿದ್ದು ಒಂದೇ ಮಾತು: “ಆಚಾರ್ರ ಮನೆಗೋಗಿ ಅಡಿಗಲ್ಲು ಎತ್ಕೊಂಡ್ ಬಾ.” ಪಿಳ್ಳಪ್ಪನ ದಾರಿಯಲ್ಲಿ ಮೊದಲು ಸಿಕ್ಕಿದ ಆಚಾರ್ರ ಮನೆ ನಮ್ಮದು. ಕಾಳಾಚಾರಿ ಇದ್ದಿಲು ತರಲು ಹೊಸೂರಿಗೆ ಹೋಗಿದ್ದ.

“ಅಕ್ಕೋ, ಅಡಿಗಲ್ಲು ಕೊಡ್ಬೇಕಂತೆ. ಎಮ್ಮೆಲ್ಲೆ ಸಾಹೇಬ್ರು ಬತ್ತಾವ್ರೆ.”

“ಎಮ್ಮೆಲ್ಲೆಗೆ ಅಡಿಗಲ್ಲು ಯಾತಕ್ಕೆ? ಬಡೀತಾರಾ?” ಎಂದಳು ಸಾಕಮ್ಮ.

“ಪೂಜೆ ಮಾಡ್ತಾರಂತೆ ಕಣಕ್ಕ. ಹೂವೆಲ್ಲ ತಂದು ಮಡಗವ್ರೆ.”

“ಸದ್ಯ, ನಮ್ಮ ಕಸುಬೂ ಯಾರ್ಗೋ ಗ್ಯಾಪ್ಕಕ್ಕೆ ಬಂತಲ್ಲ.” ಅವಳು ಸೆರಗಿನಿಂದ ನನ್ನ ಮುಖ ಒರೆಸಿ, ಕುಂಕುಮವಿಟ್ಟು ಕಳಿಸಿದಳು.

ಗುಂಡಿಯ ಬಳಿ ನನ್ನನ್ನು ಇಳಿಸಿದಾಗ ಸಮಿತಿಯ ಯಜಮಾನರ ಮುಖ ಬೂದಿಯಾಯಿತು. “ಯಾವ ಅಡಿಗಲ್ಲೋ ತಂದವ್ನೆ ಈ ಪುಣ್ಯಾತ್ಮ” ಎನ್ನುವಷ್ಟರಲ್ಲಿ ಶಾಸಕರ ಕಾರಿನ ಹಾರನ್ ಕೇಳಿಸಿತು. “ಸುಮ್ನೆ ಗುಂಡಿಗಿಳ್ಸಿ ಹೂ ಮುಚ್ರೋ. ಎದ್ದು ಕೇಳ್ತದಾ ಅದು?”

ನಿಜ, ನಾನು ಎದ್ದು ಕೇಳಲಾರೆ. ಶಾಸಕರು ಬಂದು ನನಗೆ ಕೈ ಮುಗಿದರು. ಆ ಗಳಿಗೆಯಲ್ಲಿ ನನ್ನಷ್ಟು ಬೀಗಿದ ಕಬ್ಬಿಣ ಮೂರು ಲೋಕದಲ್ಲಿ ಇರಲಿಲ್ಲ. ಆಮೇಲೆ ಅವರು ಕರಣೆಯಲ್ಲಿ ಸಿಮೆಂಟು ತುಂಬಿಕೊಂಡು ನೇರ ನನ್ನ ಮುಖದ ಮೇಲೆ ಸುರಿದರು. ಜನ ಚಪ್ಪಾಳೆ ತಟ್ಟಿದರು. ಕೆಲಸದವರು ಉಳಿದ ಸಿಮೆಂಟನ್ನೂ ಸುರಿದು ಊಟಕ್ಕೆ ಹೋದರು. ಕೂಗೋಣವೆಂದರೆ ಬಾಯಿಲ್ಲ. ಯಾರಾದರೂ ಬಡಿದರೆ ತಾನೆ ನನಗೆ ಸದ್ದು?

ಕಾಳಾಚಾರಿ ಬರಿಯ ಕೊರಡನ್ನು ನೋಡಿ ಓಡಿಬರುವಷ್ಟರಲ್ಲಿ ಸಿಮೆಂಟು ಹಿಡಿದುಬಿಟ್ಟಿತ್ತು. ಮಾರನೆಯ ಬೆಳಿಗ್ಗೆ ಹಾರೆ ಹಾಕಿ, ಸಮ್ಮಟಿಯಲ್ಲಿ ಹೊಡೆದು ನನ್ನನ್ನು ಕಿತ್ತರು. ಒಂದು ಅಂಚು ಸಿಡಿದು ಹೋಯಿತು. ಮುಖದ ಒಂದು ಬದಿ ಹಳೆಯ ಚಪ್ಪಲಿಯ ಅಟ್ಟೆಯಂತೆ ಮೇಲೆದ್ದಿತು. ಸಮಿತಿಯವರು ಉಳಿದಿದ್ದ ಹಾರವೊಂದನ್ನು ನನಗೆ ಹಾಕಿ, “ಬೇಜಾರ್ ಮಾಡ್ಕೋಬೇಡಿ ಆಚಾರ್ರೇ” ಎಂದು ಹೋದರು.

ಅಂದಿನಿಂದ ನನ್ನ ಮೇಲೆ ಬಡಿದ ಯಾವ ಉಳಿಯೂ ನೆಟ್ಟಗಾಗಲಿಲ್ಲ. ಶಿಲ್ಪಿಗಳು ಬಂದು ರಾಗ ಎಳೆದರು: “ನಿಮ್ಮ ಉಳಿ ಹಿಡ್ದು ಗಣಪತಿ ಕೆತ್ತಿದ್ರೆ ಸೊಂಡ್ಲು ಮಾಲೂರ್ ಕಡೆ ತಿರುಗ್ತದೆ, ಆಚಾರ್ರೇ.” ಒಂದು ಏಟಿನ ಕೆಲಸಕ್ಕೆ ಸಾಕಮ್ಮ ನಾಲ್ಕು ಏಟು ಹಾಕಬೇಕಾಯಿತು. ಒಂದು ದಿನ ಅವಳ ಕೈ ತಲೆ ಬಾಚಲೂ ಮೇಲೇಳಲಿಲ್ಲ.

“ನನ್ ಕೈಲಿ ಇನ್ನಾಗಲ್ಲ” ಎಂದಳು. “ಒಂದಾ ಅದನ್ನ ರಿಪೇರಿ ಮಾಡ್ಸಿ. ಇಲ್ಲಾ, ಕುಲುಮೆ ಆರ್ಸಿ.”

ಅವಳನ್ನು ಬಿಟ್ಟರೆ ಸಮ್ಮಟಿ ಹಿಡಿಯುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಕಾಳಾಚಾರಿ ಮಾಲೂರಿನಿಂದ ವೆಲ್ಡಿಂಗ್ ವಾಜಿದನನ್ನು ಕರೆತಂದ. ನನಗೆ ಭಯವೇನೂ ಆಗಲಿಲ್ಲ. ಉಕ್ಕಿಗೆ ಉಕ್ಕು ಸೇರಿಸಿ ಬೆಸೆಯುತ್ತಾರೆ, ಮತ್ತೆ ಮದುಮಗನಂತಾಗುತ್ತೇನೆ ಎಂದುಕೊಂಡೆ.

ವಾಜಿದ್ ನನ್ನ ಪಕ್ಕೆಗೆ ಗ್ರೈಂಡರ್ ತಾಗಿಸಿ ಕಿಡಿಗಳನ್ನು ನೋಡಿದ. ಆರಿಸಿ, ತಲೆ ಕೆರೆದುಕೊಂಡ.

“ಉಕ್ಕಾದ್ರೆ ಕಿಡಿ ಹೂಕುಂಡ ಹಚ್ಚಿದಂಗೆ ಅರಳ್ಬೇಕು, ಆಚಾರ್ರೇ. ಇದು ಕೆಂಪಗೆ ಬಂದು ಅಲ್ಲೇ ಸಾಯ್ತದೆ. ಇದು ಬೀಡು ಕಬ್ಬಿಣ. ಕರಗ್ಸಿ ಮರಳಚ್ಚಿಗೆ ಸುರ್ದವ್ರೆ. ಮೇಲೊಂದು ಉಕ್ಕಿನ ತಗಡು ಕೂರ್ಸವ್ರೆ, ಅಷ್ಟೇಯ.”

“ನಮ್ಮಪ್ಪ ಸೀಮೆ ಉಕ್ಕು ಅಂತಿದ್ರಲ್ಲಪ್ಪ.”

“ನಿಮ್ಮಪ್ಪಂಗೆ ಮಾರ್ದೋನು ಅಂಗಂದಿರ್ತಾನೆ.”

ನನ್ನ ಜನ್ಮವೃತ್ತಾಂತ ಹೀಗೆ ಒಂದೇ ಮಾತಿಗೆ ಮುಗಿಯಿತು.

“ಬೆಸ್ದು ಕೊಡು ಅಂದ್ರೆ ಬೆಸೀತೀನಿ” ಎಂದು ವಾಜಿದ್ ಮುಂದುವರಿಸಿದ. “ಕುಲುಮೇಲಿ ಕಾಯ್ಸಿ, ಬೆಸ್ದು, ಬೂದೀಲಿ ಮುಚ್ಚಿ ನಿಧಾನಕ್ಕೆ ಆರಿಸ್ಬೇಕು. ನಿಂತ್ರೆ ನಿಲ್ತದೆ. ಇಲ್ಲಾಂದ್ರೆ ಟಪ್ಪಂತ ಸೀಳ್ತದೆ. ಆಮೇಲೆ ನನ್ನ ಬೈಬಾರ್ದು.”

ಕಾಳಾಚಾರಿ ನನ್ನ ಕೊಂಬಿನ ಮೇಲೆ ಕೈಯಿಟ್ಟ. “ಅಪ್ಪನ ಕಾಲದ್ದು. ಬೆಸಿ, ನೋಡಾನ” ಎಂದ.

ಅಷ್ಟರಲ್ಲಿ ಸಾಕಮ್ಮ ಹೊರಗೆ ವಾಜಿದನ ಆಟೋ ಹತ್ತಿರ ನಿಂತಿದ್ದಳು. ಅದರಲ್ಲಿ ರೈಲು ಹಳಿಯ ತುಂಡೊಂದಿತ್ತು. ಬಾಗಿದ ಸರಳು ನೆಟ್ಟಗೆ ಮಾಡಲು ವಾಜಿದ್ ಇಟ್ಟುಕೊಂಡದ್ದು. ಅವಳು ವಾಜಿದನನ್ನು ಕರೆದು ಅದನ್ನು ಇಳಿಸಿಕೊಂಡು, ಎಡಗೈಯಲ್ಲಿ ಸುತ್ತಿಗೆ ಹಿಡಿದು ಸುಮ್ಮನೆ ಅದರ ಮೇಲೆ ಬಿಟ್ಟಳು. ಟಣ್ಣೆಂದು ಸುತ್ತಿಗೆ ತಾನಾಗಿ ಪುಟಿದು ಮೇಲೆ ಬಂತು. ಮತ್ತೆ ಬಿಟ್ಟಳು. ಮತ್ತೆ ಬಂತು. ಸಂತೆಯಲ್ಲಿ ಬಳೆ ನೋಡುವವಳ ಹಾಗೆ ಅದನ್ನೇ ನೋಡುತ್ತ ನಿಂತಳು. ಆಮೇಲೆ ಒಳಗೆ ಬಂದು, ಅದೇ ಸುತ್ತಿಗೆಯನ್ನು ಅಷ್ಟೇ ಎತ್ತರದಿಂದ ನನ್ನ ಮೇಲೆ, ತಗಡು ಇನ್ನೂ ಗಟ್ಟಿಯಾಗಿರುವ ಬದಿಯಲ್ಲಿ ಬಿಟ್ಟಳು.

ದಬ್ಬೆಂದಿತು. ಸುತ್ತಿಗೆ ಅಲ್ಲೇ ಮಲಗಿತು.

“ಮದ್ವೆಯಾಗಿ ಬಂದಾಗ್ಲೂ ಇದು ಇಂಗೇ ಇತ್ತು” ಎಂದಳು. “ಅಡಿಗಲ್ಲು ಅಂದ್ರೆ ಇಂಗೇ ಇರ್ತದೆ ಅನ್ಕೊಂಡಿದ್ದೆ. ಅಲ್ಲಾ, ಇಷ್ಟು ವರ್ಷ ಸಮ್ಮಟಿ ಎತ್ತಿದ್ದು ಯಾರು?”

“ಇನ್ಯಾರು? ನೀವೇ ಕಣಮ್ಮ” ಎಂದ ವಾಜಿದ್.

ಕಾಳಾಚಾರಿ ಕೊಂಬಿನಿಂದ ಕೈ ತೆಗೆದ. ಹೆಂಡತಿಯ ಭುಜವನ್ನು ಒಮ್ಮೆ ನೋಡಿ, ನೆಲ ನೋಡಿಕೊಂಡು ಕೇಳಿದ: “ಆ ಹಳಿ ತುಂಡು ಬಿಟ್ಟೋಗ್ತೀಯೇನಪ್ಪ?”

ಸಿಕ್ಕಿಬಿದ್ದೆ. ಇನ್ನು ನಿಜ ಹೇಳಿಬಿಡುತ್ತೇನೆ. ನಾನು ಯಾವ ಸಮ್ಮಟಿಯನ್ನೂ ಎಂದೂ ಪುಟಿಸಲಿಲ್ಲ. ಬಿದ್ದ ಏಟನ್ನೆಲ್ಲ ನುಂಗಿಕೊಂಡು ಕೂತೆ. ಪ್ರತಿ ಸಲವೂ ಸಮ್ಮಟಿಯ ಪೂರಾ ಭಾರವನ್ನು ನೆಲದಿಂದೆತ್ತಿದ ಹಾಗೆ ಎತ್ತಿದವಳು ಅವಳು. ಅವಳ ಉಸಿರು ಬಿಗಿಯುವುದು ನನಗೆ ಕೇಳಿಸುತ್ತಿತ್ತು. ಹೇಳಲು ಬಾಯಿರಲಿಲ್ಲ ಎಂದರೆ ನೀವು ನಂಬುತ್ತೀರಿ. ಇದ್ದಿದ್ದರೂ ಸೀಮೆ ಉಕ್ಕಿನ ಕತೆಯನ್ನೇ ಹೇಳುತ್ತಿದ್ದೆ.

ಈಗ ನನ್ನ ಕೊರಡಿನ ಮೇಲೆ ಹಳಿ ತುಂಡು ಕೂತಿದೆ. ಬೆಸೆಯುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಗುಜರಿಗೆ ಹಾಕಲು ಕಾಳಾಚಾರಿಗೆ ಮನಸ್ಸು ಬರಲಿಲ್ಲ. ನೀರಿನ ತೊಟ್ಟಿಯ ಪಕ್ಕಕ್ಕೆ ನನ್ನನ್ನು ಉರುಳಿಸಿದ. ಸಾಕಮ್ಮನ ಭುಜ ಪೂರ್ತಿ ವಾಸಿಯಾಗಿಲ್ಲ, ಆಗುವುದೂ ಇಲ್ಲವಂತೆ. ಸ್ವಲ್ಪ ಬಡಿಯುತ್ತಾಳೆ, ಸ್ವಲ್ಪ ಕೂರುತ್ತಾಳೆ.

ಅಡಿಗಲ್ಲಿನ ಮೇಲೆ ಕೂರಬಾರದು ಎಂಬುದು ಆ ಮನೆಯ ಕಟ್ಟಳೆ. ನಿನ್ನೆ ಮಧ್ಯಾಹ್ನ ಅವಳು ಗೋಣಿಚೀಲವನ್ನು ಮಡಿಸಿ ನನ್ನ ಮೇಲೆ ಹಾಕಿ ಕೂತಳು. ಕಾಳಾಚಾರಿ ನೋಡಿದ, ಟೀ ಲೋಟ ತಂದು ಅವಳ ಎಡಗೈಗೆ ಕೊಟ್ಟ. ಅವಳ ಭಾರವನ್ನು ನಾನು ಹೊತ್ತದ್ದು ಅದೇ ಮೊದಲು.